ಮಾಲ್ಟ್ ಒಡೆಯಲು ತಟ್ಟೆ ಗಿರಣಿಯೋ, ರೋಲರ್ ಗಿರಣಿಯೋ?

ನೊರೆಗಾರ:
ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿ ಇದು ಏಳನೆಯ ಸಲ. ಮೊದಲೆಲ್ಲ ಒಡೆದ ಮಾಲ್ಟನ್ನೇ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತರಿಸುತ್ತಿದ್ದೆ. ಆರನೆಯ ಸಲ 4.5 ಕಿಲೋವನ್ನು ಬಿಸಿನೀರಿನಲ್ಲಿ ನೆನೆಸಿ 20 ಲೀಟರ್ ಸಿಹಿನೀರು ತೆಗೆದಾಗ 1.050 ಬರಬೇಕಿದ್ದ ಅದರ ಸಾಂದ್ರತೆ (ಸಕ್ಕರೆ ಹೆಚ್ಚಿದಷ್ಟೂ ಏರುವ ಅಂಕಿ, ಬರಿ ನೀರಿಗೆ 1.000) 1.038ಕ್ಕೇ ನಿಂತಿತು. ಚರಟ ಕೆದಕಿ ನೋಡಿದರೆ ಇಡೀ ಕಾಳುಗಳು ಆರಾಮವಾಗಿ ಕುಳಿತಿದ್ದವು. ಆ ಸಿಟ್ಟಿಗೆ ಈ ಸಲ ಒಡೆಯದ ಮಾಲ್ಟ್ ತಂದು ಮಿಕ್ಸಿಗೆ ಹಾಕಿದೆ. ಸಿಹಿನೀರು ಇಳಿಯಲೇ ಇಲ್ಲ. ಪಾತ್ರೆಯ ತಳದ ತೂತಿನ ತಟ್ಟೆಯ ಮೇಲೆ ಗಾರೆ ಬಳಿದ ಹಾಗೆ ಆಗಿಬಿಟ್ಟಿತು. ರಾತ್ರಿ ಹನ್ನೊಂದರವರೆಗೆ ಸೌಟು ಹಿಡಿದು ಕೆದಕಿದೆ.

ಎರಡು ತಟ್ಟೆಗಳ ನಡುವೆ ಕಾಳು ಅರೆಯುವ, ಕೈಯಿಂದ ತಿರುಗಿಸುವ ತಟ್ಟೆ ಗಿರಣಿ ಅಗ್ಗ, ಎರಡು ರೋಲರಿನದು ದುಬಾರಿ, ಮೂರು ರೋಲರಿನದು ಇನ್ನೂ ದುಬಾರಿ. ಆಗಾಗ ಗೋಧಿ ಮಾಲ್ಟನ್ನೂ ಹಾಕುತ್ತೇನೆ. ಯಾವುದನ್ನು ಕೊಳ್ಳಲಿ?

ಹಳೆಯ ಪೀಪಾಯಿ:
ಮಿಕ್ಸಿಯ ಅಲಗು ಸಿಪ್ಪೆಯನ್ನೂ ಪುಡಿ ಮಾಡುತ್ತದೆ. ಬಾರ್ಲಿಯ ಸಿಪ್ಪೆಯೇ ನಿಮ್ಮ ಜರಡಿ ಸ್ವಾಮಿ, ಅದನ್ನೇ ಹಿಟ್ಟು ಮಾಡಿದರೆ ಸೋಸುವುದು ಯಾವುದರಲ್ಲಿ? ರೋಲರ್ ಆದರೆ ಕಾಳನ್ನು ಹಿಂಡಿ, ಒಳಗಿನದನ್ನು ತರಿ ಮಾಡಿ, ಸಿಪ್ಪೆಯನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ.

ಎರಡು ರೋಲರ್ ಧಾರಾಳವಾಯಿತು. ನೋಡಬೇಕಾದದ್ದು ನಡುವಿನ ಸಂದು: ಅದನ್ನು ಹೊಂದಿಸಲು ಬರುತ್ತದೆಯೇ, ಹೊಂದಿಸಿದ ಮೇಲೆ ಅಲುಗಾಡದೆ ನಿಲ್ಲುತ್ತದೆಯೇ? ಸಂದು ಬದಲಿಸಲು ಬಾರದ ಗಿರಣಿ ನಿಮಗೆ ಬೇಡವೇ ಬೇಡ. ಗೋಧಿ ಕಾಳು ಬಾರ್ಲಿಗಿಂತ ಸಣ್ಣದು, ಗಟ್ಟಿ, ಮೇಲೆ ಸಿಪ್ಪೆಯೂ ಇಲ್ಲ. ಅದನ್ನು ಬೇರೆಯಾಗಿ, ಬಿಗಿ ಸಂದಿನಲ್ಲಿ ಒಡೆಯಬೇಕು. ಬಾರ್ಲಿಗೆ 1.1 ಮಿ.ಮೀ.ಯಿಂದ ಶುರು ಮಾಡಿ, ಸಲಕ್ಕೆ 0.1ರಂತೆ ಇಳಿಸಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಇಟ್ಟುಕೊಂಡು ರೋಲರಿನ ಎರಡೂ ತುದಿಯಲ್ಲಿ ಅಳೆಯಿರಿ. ಎಟಿಎಂ ಕಾರ್ಡ್ ತೂರಿಸಿ ಅಳೆಯುವ ಪಂಡಿತರಿದ್ದಾರೆ. ಅದರ ದಪ್ಪ 0.76 ಮಿ.ಮೀ., ತೂತಿನ ತಟ್ಟೆಗೆ ಅಷ್ಟು ಬಿಗಿಯಾದರೆ ಮತ್ತೆ ಸೌಟೇ ಗತಿ.

ಒಂದು ಹಿಡಿ ಒಡೆದು ಬಿಳಿ ಕಾಗದದ ಮೇಲೆ ಹರಡಿ. ಸಿಪ್ಪೆ ಪುಟ್ಟ ದೋಣಿಯ ಹಾಗೆ ಬಾಯಿ ತೆರೆದಿರಬೇಕು. ಉಗುರಿನಿಂದ ಕೆರೆದರೆ ಒಳಗೆ ಅಂಟಿಕೊಂಡ ಬಿಳಿ ತುಂಡು ಸಿಗಬಾರದು. ಸಿಕ್ಕಿದರೆ ಸಂದು ಇನ್ನೂ ದೊಡ್ಡದಾಗಿದೆ ಎಂದೇ ಅರ್ಥ.

ಚೀಲವೇ ಸಾಕು:
ಪೀಪಾಯಿಯವರು ತಟ್ಟೆ ಗಿರಣಿಯ ಹೆಸರನ್ನೇ ಎತ್ತಲಿಲ್ಲ, ಅದಕ್ಕೆ ನನ್ನ ತಕರಾರು. ಒಂಬತ್ತು ವರ್ಷ ನಾನು ಅದರಲ್ಲೇ ನಡೆಸಿದ್ದೇನೆ. ಮಾಲ್ಟನ್ನು ಬಟ್ಟೆಯ ಚೀಲದಲ್ಲಿ ನೆನೆಸಿ ಎತ್ತುವವನಿಗೆ ಸಿಪ್ಪೆಯ ಹಾಸು ಬೇಕಿಲ್ಲ, ಸಣ್ಣಗೆ ಒಡೆದಷ್ಟೂ ಲಾಭ. ತಿರುಗಿಸುವಾಗ ತಟ್ಟೆ ಓಲಾಡುತ್ತದೆ, ಒಂದೇ ಹಿಡಿಯಲ್ಲಿ ಹಿಟ್ಟೂ ಇಡೀ ಕಾಳೂ ಬೀಳುತ್ತವೆ. ವಾಷರ್ ಸೇರಿಸಿ ಆ ಓಲಾಟವನ್ನು ಅರ್ಧಕ್ಕೆ ಇಳಿಸಿಕೊಂಡೆ. ಐದು ಕಿಲೋ ಮುಗಿಯುವಷ್ಟರಲ್ಲಿ ತೋಳು ಬೇರೆ ಯಾರದೋ ಅನಿಸುತ್ತದೆ, ಅದೂ ನಿಜ. ತೂತಿನ ತಟ್ಟೆಯಲ್ಲಿ ಸೋಸುವ ನಿಮಗೆ ಮಾತ್ರ ಇದನ್ನು ಕೊಳ್ಳಿ ಎನ್ನಲಾರೆ.

ನೊರೆಗಾರ:
ತೋಳಿನ ಸಂಗತಿ ಕೇಳಿದ ಮೇಲೆ ಎರಡು ರೋಲರಿನದೇ ಎಂದು ತೀರ್ಮಾನವಾಯಿತು. ಡ್ರಿಲ್ ಸಿಕ್ಕಿಸಿ ತಿರುಗಿಸಬಹುದೇ? ಅಡುಗೆಮನೆಯಲ್ಲೇ ಒಡೆಯಬಹುದೇ?

ಹಳೆಯ ಪೀಪಾಯಿ:
ಡ್ರಿಲ್ ಆಗಬಹುದು, ಆದರೆ ನಿಮಿಷಕ್ಕೆ 150ರಿಂದ 200 ಸುತ್ತು, ಅಷ್ಟೇ. ಜೋರಾದರೆ ಸಿಪ್ಪೆ ಹರಿಯುತ್ತದೆ. ಮೊದಲು ಡ್ರಿಲ್ ಓಡಲಿ, ಆಮೇಲೆ ಕಾಳು ಸುರಿಯಿರಿ. ಸಾಮಾನ್ಯವಾಗಿ ಒಂದು ರೋಲರನ್ನು ಮಾತ್ರ ನಾವು ತಿರುಗಿಸುತ್ತೇವೆ, ಇನ್ನೊಂದು ಕಾಳಿನ ಎಳೆತಕ್ಕೆ ತಾನಾಗಿ ತಿರುಗಬೇಕು. ನನ್ನದರಲ್ಲಿ ಒಮ್ಮೆ ಅದರ ತುದಿಗೆ ಹಿಟ್ಟು ಸೇರಿ ಬಿಗಿದುಕೊಂಡಿತು. ಡ್ರಿಲ್ ಗುಯ್‌ಗುಡುತ್ತಲೇ ಇತ್ತು, ಒಂದು ಕಾಳೂ ಇಳಿಯಲಿಲ್ಲ. ಅಂದಿನಿಂದ ಪ್ರತಿ ಸಲವೂ ಒಣ ಬ್ರಷ್ಷಿನಿಂದ ಉಜ್ಜಿಡುತ್ತೇನೆ. ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ.

ಅಡುಗೆಮನೆ ಬೇಡ. ಮಾಲ್ಟಿನ ಧೂಳಿನಲ್ಲಿ ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಹುದುಗಲು ಇಟ್ಟ ಪಾತ್ರೆಯಿಂದ ದೂರ, ಗಾಳಿಯಾಡುವ ಕಡೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಡೆಯಿರಿ.

ಚೀಲವೇ ಸಾಕು:
ಒಡೆಯುವ ಹತ್ತು ನಿಮಿಷ ಮೊದಲು ಮಾಲ್ಟಿನ ತೂಕದ ಶೇ. 2ರಷ್ಟು ನೀರು ಚಿಮುಕಿಸಿ ಕಲಸಿಡಿ. 4.5 ಕಿಲೋಗೆ 90 ಮಿ.ಲೀ. ಸಿಪ್ಪೆ ಮೆತ್ತಗಾಗಿ ಚೂರಾಗದೆ ಬಿಚ್ಚಿಕೊಳ್ಳುತ್ತದೆ. ಮುಟ್ಟಿದರೆ ಕೈಗೆ ಒದ್ದೆ ಹತ್ತಬಾರದು, ಹತ್ತಿದರೆ ಇನ್ನಷ್ಟು ಹೊತ್ತು ಬಿಡಿ. ಇಲ್ಲವಾದರೆ ರೋಲರಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ.

ನೊರೆಗಾರ:
ಗಿರಣಿ ಬಂತು, ಎಂಟನೆಯ ಸಲವೂ ಮುಗಿಯಿತು. ಸಂದು 1.1, ನೀರು ಚಿಮುಕಿಸಿದ್ದೆ. ಅಷ್ಟೇ ಮಾಲ್ಟು, ಅಷ್ಟೇ ನೀರು, ಸಾಂದ್ರತೆ 1.047. ಸೌಟು ಮುಟ್ಟಲಿಲ್ಲ. ಕಾಗದದ ಮೇಲೆ ಹರಡಿದಾಗ ದೋಣಿಗಳು ಕಂಡವು, ಕೆಲವಕ್ಕೆ ಬಿಳಿ ತುಂಡು ಇನ್ನೂ ಅಂಟಿತ್ತು, ಹಾಗಾಗಿ ಮುಂದಿನ ಸಲ 1.0. ಮಿಕ್ಸಿಯ ಜಾರಿನಿಂದ ಮಾತ್ರ ಮಾಲ್ಟಿನ ವಾಸನೆ ಇನ್ನೂ ಹೋಗಿಲ್ಲ, ಅದರ ವಿಚಾರಣೆ ಮನೆಯಲ್ಲಿ ಬೇರೆಯಾಗಿ ನಡೆಯುತ್ತಿದೆ.