ಅಪ್‌ಡೇಟ್: ಹಿಚ್ ಲೇಬಲ್‌ನ ಎರಡು ಅಂಕಿಗಳ ಲೆಕ್ಕ

6,000 ಪೌಂಡ್ ಟ್ರೇಲರನ್ನು ನನ್ನ ಪಿಕಪ್ ಎಳೆಯಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಬರೀ ಬಾಲ್ ಮೌಂಟ್‌ನಲ್ಲಿ (ಟ್ರೇಲರ್ ಕೂರುವ ಗುಂಡು, ಅಂದರೆ ಬಾಲ್ ಇರುವ ಸಾದಾ ಕೊಂಡಿ) ಆಗದು. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರವನ್ನು ಟ್ರಕ್ ಮತ್ತು ಟ್ರೇಲರ್‌ನ ಅಚ್ಚುಗಳಿಗೆಲ್ಲ ಹಂಚುವ ಕೊಂಡಿ) ಹಾಕಿದರೆ ಆಗುತ್ತದೆ. ರಿಸೀವರ್ (ಟ್ರಕ್‌ನ ಹಿಂದೆ ಕೊಂಡಿ ತೂರಿಸುವ ಚೌಕ ಕೊಳವೆ) ಲೇಬಲ್‌ನಲ್ಲಿ ಅದಿಲ್ಲದೆ 5,000/500, ಅದರೊಂದಿಗೆ 10,000/1,000 ಪೌಂಡ್ ಎಂದಿದೆ. ಮೊದಲ ಅಂಕಿ ಟ್ರೇಲರ್ ತೂಕದ ಮಿತಿ, ಎರಡನೆಯದು ಟಂಗ್ ತೂಕದ ಮಿತಿ. ಟಂಗ್ ತೂಕ ಅಂದರೆ ಬಾಲ್ ಮೇಲೆ ಕೂರುವ ಭಾರ. ಅದು ಟ್ರೇಲರ್ ತೂಕದ 10ರಿಂದ 15 ಶೇಕಡಾ ಇರಬೇಕು: ಇಲ್ಲಿ 600–900 ಪೌಂಡ್. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಓಲಾಡುತ್ತದೆ, ಅದು ನಿಜಕ್ಕೂ ಅಪಾಯ.

ಬಹಳ ಜನ ಮರೆಯುವುದು ಪೇಲೋಡ್, ಅಂದರೆ ಟ್ರಕ್ ತಾನೇ ಹೊರಬಲ್ಲ ಒಟ್ಟು ಭಾರ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ 1,500 ಇದೆ. ಟಂಗ್ 750, ಹಿಚ್ 80 ಕಳೆದರೆ ಜನ, ಸಾಮಾನು ಎಲ್ಲ ಸೇರಿ ಉಳಿಯುವುದು 670 ಮಾತ್ರ. ಬಾಲ್, ಶ್ಯಾಂಕ್ (ರಿಸೀವರ್ ಒಳಗೆ ಹೋಗುವ ಕಂಬಿ), ಕಪ್ಲರ್ (ಬಾಲನ್ನು ಹಿಡಿಯುವ ಟ್ರೇಲರ್‌ನ ತುದಿ) ಇವುಗಳ ಅಂಕಿಗಳನ್ನೂ ನೋಡಿ. ಎಲ್ಲಕ್ಕಿಂತ ಚಿಕ್ಕದೇ ಮಿತಿ. ಸಾಮಾನು ತುಂಬಿದ ಮೇಲೆ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆಯಲ್ಲಿ ತೂಗಿಸಿ.