ಗೋಡೆಗೆ ಕೂರಿಸಿದ ಆಕ್ಟಿವ್ ಹಾರ್ಮೋನಿಕ್ ಫಿಲ್ಟರ್: ಆನ್ ಮಾಡಿದರೆ ಬಿ ಫೇಸ್ ಟಿಎಚ್‌ಡಿ ಇಮ್ಮಡಿ ಆಗ್ತಿದೆ

ಪ್ರಶ್ನೆ

ಪೀಣ್ಯದ ಮಷಿನಿಂಗ್ ಶೆಡ್. ಟ್ರಾನ್ಸ್‌ಫಾರ್ಮರ್ 500 ಕೆವಿಎ, ಇಂಪಿಡೆನ್ಸ್ 5%. ಲೋಡ್ 220 ಆಂಪ್ಸ್, ಅರ್ಧದಷ್ಟು ಚೋಕ್ (ಕರೆಂಟಿನ ಏರಿಳಿತ ತಡೆಯುವ ಕಾಯಿಲ್) ಇಲ್ಲದ 6 ಪಲ್ಸ್ ಡ್ರೈವ್‌ಗಳು (ಮೋಟರ್ ವೇಗ ನಿಯಂತ್ರಕಗಳು). ಇನ್‌ಕಮರ್‌ನಲ್ಲಿ (ಸಪ್ಲೈ ಒಳಬರುವ ಮುಖ್ಯ ಸ್ವಿಚ್) ಕರೆಂಟ್ ಟಿಎಚ್‌ಡಿ, ಅಂದರೆ 50 ಹರ್ಟ್ಸ್ ಮೂಲ ಕರೆಂಟಿಗೆ ಹೋಲಿಸಿದರೆ ಹಾರ್ಮೋನಿಕ್ (ಅದರ ಗುಣಕ ಆವರ್ತನಗಳ) ಕರೆಂಟ್, 36% ಇತ್ತು. 4 ವೈರ್ (ಮೂರು ಫೇಸ್, ಒಂದು ನ್ಯೂಟ್ರಲ್), 100 ಆಂಪ್ಸ್ ಆಕ್ಟಿವ್ ಫಿಲ್ಟರನ್ನು (ಉಲ್ಟಾ ಕರೆಂಟ್ ಬಿಟ್ಟು ಹಾರ್ಮೋನಿಕ್ ಕಳೆಯುವ ಸಾಧನ) ಗೋಡೆಗೆ ಹಾಕಿದ್ದೇವೆ. ಆನ್ ಮಾಡಿದರೆ ಆರ್ ಫೇಸ್ 8%, ವೈ 9%, ಬಿ ಮಾತ್ರ 71%. ಜೊತೆಗೆ ಎಪಿಎಫ್‌ಸಿ ಪ್ಯಾನಲ್‌ನ (ಪವರ್ ಫ್ಯಾಕ್ಟರ್ ಸರಿಪಡಿಸಲು ಕೆಪ್ಯಾಸಿಟರ್‌ಗಳನ್ನು ತಾನೇ ಹಾಕಿ ತೆಗೆಯುವಂಥದ್ದು) ಮೂರನೇ 25 ಕೆವಿಎಆರ್ ಸ್ಟೆಪ್ ಒಳಬಂದರೆ ಕೆಪ್ಯಾಸಿಟರ್ ಗುಂಯ್‌ಗುಡುತ್ತೆ, ಫ್ಯೂಸ್ ಹೋಗುತ್ತೆ. ಕೆಪ್ಯಾಸಿಟರ್‌ಗೆ ಸರಣಿಯಲ್ಲಿ ರಿಯಾಕ್ಟರ್ (ಕಾಯಿಲ್) ಇಲ್ಲ. ಸಿಟಿಗಳು (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್‌ಗಳು) ಫಿಲ್ಟರ್ ಟ್ಯಾಪ್ ಆದ ಮೇಲೆ, ಲೋಡ್ ಕಡೆ ಇವೆ. ಫಿಲ್ಟರ್ ಕೆಟ್ಟಿದೆಯಾ, ಇಲ್ಲಾ ಚಿಕ್ಕದಾಯ್ತಾ?

ಉತ್ತರ 1

ಎರಡೂ ಅಲ್ಲ ಸರ್. 220 ಆಂಪ್ಸ್, 36% ಅಂದರೆ ಮೂಲ ಕರೆಂಟ್ ಸುಮಾರು 207, ಹಾರ್ಮೋನಿಕ್ ಕರೆಂಟ್ 75 ಆಂಪ್ಸ್. 100 ಸಾಕು.

36 ಇದ್ದದ್ದು 71 ಆದರೆ ಬಿ ಫೇಸ್ ಸಿಟಿ ಉಲ್ಟಾ ಕೂತಿದೆ ಅಂತಲೇ ಲೆಕ್ಕ. ಫಿಲ್ಟರ್ ಕಳೆಯೋ ಬದಲು ಕೂಡಿಸ್ತಿದೆ. ಎರಡು ಫೇಸ್ ಕೆಟ್ಟಿದ್ದರೆ ಸಿಟಿ ಅದಲುಬದಲಾಗಿದೆ ಅನ್ನಬಹುದಿತ್ತು. (3 ವೈರ್ ಫಿಲ್ಟರ್ ಆಗಿದ್ದರೆ ಒಂದು ಸಿಟಿ ತಪ್ಪಿದರೂ ಮೂರೂ ಫೇಸ್ ಕೆಡ್ತಿತ್ತು, ಹುಡುಕೋದು ಕಷ್ಟ.)

ಖಚಿತ ಮಾಡಿಕೊಳ್ಳಲು ಫಿಲ್ಟರನ್ನು ಸ್ಟ್ಯಾಂಡ್‌ಬೈಗೆ ಹಾಕಿ, ಡಿಸ್‌ಪ್ಲೇನಲ್ಲಿ ಒಂದೊಂದು ಫೇಸಿನ ಲೋಡ್ ಕಿಲೋವ್ಯಾಟ್ ನೋಡಿ. ಬಿ ಮೈನಸ್ ತೋರಿಸಿದರೆ ಅದೇ. ಸರಿಪಡಿಸುವಾಗ ಮೊದಲು ಸಿಟಿ ಟರ್ಮಿನಲ್‌ಗೆ ಶಾರ್ಟಿಂಗ್ ಲಿಂಕ್ ಹಾಕಿ, ಆಮೇಲೆ ಎಸ್1, ಎಸ್2 (ಸಿಟಿ ಸೆಕೆಂಡರಿಯ ಎರಡು ತುದಿ) ಅದಲುಬದಲು ಮಾಡಿ. ಲೋಡ್ ಇರುವಾಗ ಸೆಕೆಂಡರಿ ತೆರೆದರೆ ಅಪಾಯದ ವೋಲ್ಟೇಜ್ ಬರುತ್ತೆ. ಫಿಲ್ಟರ್ ಕವರ್ ತೆಗೆಯೋದಿದ್ದರೆ ಎಂಸಿಸಿಬಿ (ಬ್ರೇಕರ್) ಆಫ್ ಮಾಡಿ 15 ನಿಮಿಷ ಕಾಯಿರಿ. ಡಿಸಿ ಬಸ್ (ಫಿಲ್ಟರ್ ಒಳಗಿನ ಕೆಪ್ಯಾಸಿಟರ್ ವೋಲ್ಟೇಜ್) ಸೊನ್ನೆಗೆ ಇಳಿದಿದ್ದನ್ನು ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಪ್ರಶ್ನೆ ಕೇಳಿದವರು

ಬಿ ಮೈನಸ್ಸೇ ಇತ್ತು. ತಿರುಗಿಸಿದ ಮೇಲೆ 9%. ಆದರೆ ಮೂರನೇ ಸ್ಟೆಪ್ಪಿನ ಸದ್ದು ಹೋಗಿಲ್ಲ.

ಉತ್ತರ 2

ಅದು ಬೇರೆ ಕಾಯಿಲೆ. 500 ಕೆವಿಎ, 5% ಅಂದರೆ ಶಾರ್ಟ್ ಸರ್ಕ್ಯೂಟ್ ಮಟ್ಟ 10 ಎಂವಿಎ. ಮೂರು ಸ್ಟೆಪ್ ಸೇರಿ 75 ಕೆವಿಎಆರ್. ಕೆಪ್ಯಾಸಿಟರ್, ಟ್ರಾನ್ಸ್‌ಫಾರ್ಮರ್ ಎರಡೂ ರೆಸೊನೆನ್ಸ್ ಆಗುವ (ಸೇರಿ ಕರೆಂಟ್ ಹಿಗ್ಗಿಸುವ) ಹಾರ್ಮೋನಿಕ್ 10000/75ರ ವರ್ಗಮೂಲ, 11.5. ಮೇಲಿನ ಲೈನಿನ ಇಂಪಿಡೆನ್ಸ್ ಸೇರಿದರೆ ಇನ್ನೂ ಇಳಿದು 11ನೇ ಹಾರ್ಮೋನಿಕ್, ಅಂದರೆ 550 ಹರ್ಟ್ಸ್ ಹತ್ತಿರವೇ ರೆಸೊನೆನ್ಸ್. ಕೆಪ್ಯಾಸಿಟರ್ ಸಿಟಿಗಿಂತ ಕೆಳಗೆ ಟ್ಯಾಪ್ ಆಗಿದ್ದರೆ ಫಿಲ್ಟರ್ ಅದರ ಕರೆಂಟನ್ನೂ ಲೋಡ್ ಅಂತ ತಿಳಿದು ಬೆನ್ನಟ್ಟುತ್ತೆ, ಎರಡೂ ತೂಗಾಡ್ತವೆ. ಸಿಟಿಯನ್ನು ಕೆಪ್ಯಾಸಿಟರ್ ಟ್ಯಾಪಿನ ಆಚೆ, ಬರೀ ಲೋಡ್ ಕಾಣುವಂತೆ ಹಾಕಿ.

ಬ್ಯಾಂಕಿಗೆ 7% ರಿಯಾಕ್ಟರ್ (ಟ್ಯೂನಿಂಗ್ 189 ಹರ್ಟ್ಸ್) ಬೇಕು. ಹಳೇ ಕೆಪ್ಯಾಸಿಟರ್‌ಗೆ ಹಾಗೇ ಸೇರಿಸಬೇಡಿ: 415 ವೋಲ್ಟ್ ಸಪ್ಲೈ ಕೆಪ್ಯಾಸಿಟರ್ ಮೇಲೆ 446 ವೋಲ್ಟ್ ಆಗುತ್ತೆ, 480 ಅಥವಾ 525 ವೋಲ್ಟಿನವು ಬೇಕು. ಅದಕ್ಕೂ ಮುಂಚೆ ಬ್ಯಾಂಕ್ ಆಫ್ ಮಾಡಿ ಪವರ್ ಫ್ಯಾಕ್ಟರ್ ನೋಡಿ. 75 ಆಂಪ್ಸ್ ಹಾರ್ಮೋನಿಕ್‌ಗೆ ಹೋದರೂ ಫಿಲ್ಟರಲ್ಲಿ (ವರ್ಗಗಳನ್ನು ಕಳೆಯುವ ಲೆಕ್ಕದಲ್ಲಿ) 66 ಆಂಪ್ಸ್, ಅಂದರೆ 47 ಕೆವಿಎಆರ್ ಉಳಿಯುತ್ತೆ. ಕೆಪ್ಯಾಸಿಟರ್ ಬೇಡವೇ ಆಗಬಹುದು.

ಪ್ರಶ್ನೆ ಕೇಳಿದವರು

ಪಕ್ಕದ ಶೆಡ್‌ಗೂ ಗೋಡೆ ಮಾದರಿಯೇ ತರಬಹುದಾ?

ಉತ್ತರ 1

ನೆಲದ ಜಾಗ ಉಳಿಯುತ್ತೆ, ಲೋಡ್ ಪಕ್ಕದಲ್ಲೇ ಕೂರಿಸಬಹುದು, ಕೇಬಲ್ ಕಡಿಮೆ, ಲೋಡ್ ಬದಲಾದರೂ ಹೊಂದಿಕೊಳ್ಳುತ್ತೆ. ಪ್ಯಾಸಿವ್ ಫಿಲ್ಟರಿಗೆ ಆ ಗುಣ ಇಲ್ಲ.

ತೊಂದರೆ ಬಿಸಿ ಮತ್ತು ಧೂಳು. 100 ಆಂಪ್ಸ್ ಅಂದರೆ 72 ಕೆವಿಎ. 2ರಿಂದ 3% ನಷ್ಟ ಅಂದರೂ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಬಿಸಿ ಸದಾ ಶೆಡ್ಡಿನೊಳಗೆ. ಸಾಮಾನ್ಯವಾಗಿ 40 ಡಿಗ್ರಿ ದಾಟಿದರೆ ಸಾಮರ್ಥ್ಯ ಇಳಿಸುತ್ತೆ; ತಗಡಿನ ಛಾವಣಿಯ ಕೆಳಗೆ ಏಪ್ರಿಲ್‌ನಲ್ಲಿ ಅದು ದೂರವಿಲ್ಲ. ಗ್ರೈಂಡಿಂಗ್ ಧೂಳು ಕರೆಂಟ್ ಹರಿಸುತ್ತೆ, ಫ್ಯಾನ್ ಎಳೆದುಕೊಂಡು ಸೀದಾ ಬೋರ್ಡ್ ಮೇಲೆ ಹಾಕುತ್ತೆ. ಗ್ರೈಂಡರ್ ಇರೋ ಗೋಡೆ ಬಿಟ್ಟುಬಿಡಿ. ಹಾಲೋ ಬ್ಲಾಕ್ ಗೋಡೆಗೆ ಆಂಕರ್ ಬೋಲ್ಟ್ ನಂಬಬೇಡಿ, ಆಂಗಲ್ ಫ್ರೇಮನ್ನು ನೆಲಕ್ಕೆ ಇಳಿಸಿ.

ಇನ್ನೊಂದು, ಬಹಳ ಜನ ಬಿಡೋದು: ಫಿಲ್ಟರ್ ಬಂದ ಮೇಲೆ ಚೋಕ್ ಇಲ್ಲದ ಡ್ರೈವ್ ಮೊದಲಿಗಿಂತ ಹೆಚ್ಚು ಹಾರ್ಮೋನಿಕ್ ಎಳೆಯುತ್ತೆ, ಯಾಕಂದರೆ ಅದಕ್ಕೆ ಸಪ್ಲೈ ಇನ್ನೂ ಗಟ್ಟಿಯಾಗಿ (ಇಂಪಿಡೆನ್ಸ್ ಕಡಿಮೆಯಾದಂತೆ) ಕಾಣುತ್ತೆ. ಪ್ರತಿ ಡ್ರೈವ್‌ಗೂ 3% ಲೈನ್ ಚೋಕ್ ಹಾಕಿ, ಅಳತೆ ತೆಗೆದು, ಆಮೇಲೆ ಫಿಲ್ಟರ್ ಸೈಜ್ ಮಾಡಿ. ಪಕ್ಕದ ಶೆಡ್‌ಗೆ ಬಹುಶಃ 50 ಆಂಪ್ಸ್‌ನದೇ ಸಾಕಾಗಬಹುದು.