ಗಿಟಾರಿನ ‘ಡಿಸ್ಟಾರ್ಷನ್’ಗೆ ‘ಜವಾರಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿರುವ ನನ್ನ ಅಕ್ಕನ ಮಗ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾನೆ. ಅವನ ಹತ್ತಿರ ಆಂಪ್ಲಿಫೈಯರ್ ಇಲ್ಲ. ಗಿಟಾರಿನ ವೈರನ್ನು ಆಡಿಯೊ ಇಂಟರ್‌ಫೇಸ್ (ಗಿಟಾರಿನ ಸಿಗ್ನಲನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವ ಪುಟ್ಟ ಡಬ್ಬಿ) ಮೂಲಕ ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾನೆ. ಆಂಪ್ಲಿಟ್ಯೂಬ್, ಗಿಟಾರ್ ರಿಗ್‌ನಂಥ ಸಾಫ್ಟ್‌ವೇರ್ ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರಿನ ದನಿಯನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಮನೆಯಲ್ಲಿ ರೆಕಾರ್ಡಿಂಗಿಗೂ ಅದೇ, ಕಾಲೇಜಿನ ಗ್ಯಾದರಿಂಗಿನಲ್ಲಿ ಸ್ಟೇಜಿನ ಮೇಲೂ ಅದೇ. ಹೊಸಬರಿಗಾಗಿ ನಾವಿಬ್ಬರೂ ಇದರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇವೆ. ‘ಡಿಸ್ಟಾರ್ಷನ್’ ಅನ್ನೋ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ.

‘ವಿಕೃತಿ’, ‘ವಿರೂಪ’ ಇಲ್ಲಿ ಹೊಂದುವುದಿಲ್ಲ. ನಮ್ಮ ಕಡೆ ಮೈಕ್‌ಸೆಟ್ಟಿನವರು ‘ಸೌಂಡ್ ಒಡೀಲಿಕ್ಕತ್ತೈತಿ’ ಅಂತಾರೆ. ಚೆಂದದ ಮಾತು, ಆದರೆ ಅದು ದೂರು. ವಾಲ್ಯೂಮ್ ಇಳಿಸು ಅಂತ ಅದರ ಅರ್ಥ. ಗಿಟಾರಿನವರಿಗೆ ಬೇಕಾಗಿರುವುದೇ ಆ ಒಡಕು. ವಾಲ್ವಿಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಮೇಲಿನ ಉಪಸ್ವರಗಳು ಜಾಸ್ತಿ ಹುಟ್ಟುತ್ತವೆ. ದನಿ ತುಂಬಿಕೊಳ್ಳುತ್ತದೆ, ಬೇಗ ಆರುವುದಿಲ್ಲ.

ಮೊನ್ನೆ ಅವನು ಬಾರಿಸುವಾಗ ಅಕ್ಕ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: ‘ತಂಬೂರಿಗೆ ಜವಾರಿ ಕೂತಂಗ ಕೇಳಸ್ತೈತಲ್ಲೋ!’ ನನಗೆ ಮೈ ಜುಮ್ಮೆಂದಿತು. ಅಕ್ಕ ತಂಬೂರಿ ಕೂಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತಂತಿಗಳನ್ನು ಹೊತ್ತಿರುವ ತುಂಡಿಗೆ ಕುದುರೆ ಅಂತಾರೆ. ಆ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲೆಳೆ. ಅದನ್ನು ಬೆರಳ ತುದಿಯಿಂದ ಚೂರೇ ಚೂರು ಸರಿಸುತ್ತಾಳೆ. ಅಲ್ಲಿವರೆಗೆ ಸಪ್ಪಗೆ ಟಣ್ ಅನ್ನುತ್ತಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಆ ಝೇಂಕಾರವೇ ಜವಾರಿ. ತಂತಿ ಕುದುರೆಯ ಬೆನ್ನನ್ನು ಸವರಿಕೊಂಡು ನಡುಗುವುದರಿಂದ ಉಪಸ್ವರಗಳು ಏಳುತ್ತವೆ. ಗಿಟಾರಿನಲ್ಲಿ ದಾರಿ ಬೇರೆ, ಆದರೆ ಕಿವಿಗೆ ಸಿಗುವ ಸುಖ ಅದೇ ಜಾತಿಯದು ಅಲ್ವಾ?

ತೊಡಕು ಒಂದಿದೆ. ನಮ್ಮಲ್ಲಿ ಜವಾರಿ ಅಂದರೆ ನಾಟಿ ಅಂತಲೂ ಅರ್ಥ. ಜವಾರಿ ಬೆಳ್ಳುಳ್ಳಿ, ಜವಾರಿ ಕೋಳಿ. ‘ಜವಾರಿ ಗಿಟಾರ್’ ಅಂದರೆ ಹುಬ್ಬಳ್ಳಿಯಲ್ಲೇ ಮಾಡಿದ ಗಿಟಾರ್ ಅಂದುಕೊಂಡಾರು. ಮೈಸೂರಿನ ಕಡೆಯವರು ಆ ನೂಲೆಳೆಗೆ ‘ಜೀವಾಳಿ’ ಅಂತಾರೆ. ಅದು ಎಳೆಯ ಹೆಸರು, ದನಿಗೂ ಸಲ್ಲುತ್ತದೆಯೇ? ಇನ್ನು ಒರಟಾದ ‘ಫಝ್’ ದನಿಗೆ ‘ಗೊಗ್ಗರು’ ಸರಿ ಅನ್ನಿಸಿದೆ.

ಉಳಿದವು ಕಷ್ಟವಾಗಲಿಲ್ಲ. ತಂತಿ ಮೀಟಿದ ಮೇಲೆ ದನಿ ಕೇಳಿಸುವವರೆಗಿನ ‘ಲೇಟೆನ್ಸಿ’ಗೆ ಸುಮ್ನೆ ‘ತಡ’ ಅಂತ ಬರೆದೆವು. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ) ಇದ್ದಾಗ 128ರ ಬಫರ್ ಇಟ್ಟರೆ, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ 128 ಸ್ಯಾಂಪಲ್ ಕೂಡಿಟ್ಟುಕೊಂಡರೆ, ಅದೊಂದಕ್ಕೇ ಸುಮಾರು 2.7 ಮಿಲಿಸೆಕೆಂಡ್ ತಡ. ಅಷ್ಟರಲ್ಲಿ ಗಾಳಿಯಲ್ಲಿ ದನಿ ಒಂದು ಮೀಟರಿನ ಹತ್ತಿರ ಹೋಗಿರುತ್ತದೆ. ಸ್ಪೀಕರ್ ‘ಕ್ಯಾಬಿನೆಟ್’ಗೆ ‘ಪೇಟಿ’ ಅನ್ನೋಣವೆಂದರೆ ಇಲ್ಲಿ ಎಲ್ಲರಿಗೂ ಹಾರ್ಮೋನಿಯಂ ನೆನಪಾಗುತ್ತದೆ. ಹಾಗಾಗಿ ‘ಸ್ಪೀಕರ್ ಬಾಕ್ಸ್’ ಅಂತಲೇ ಇಟ್ಟಿದ್ದೇವೆ.

ತಂಬೂರಿ, ಸಿತಾರ್ ರಿಪೇರಿ ಮಾಡುವವರ ಜೊತೆ ಒಡನಾಟ ಇದ್ದವರು ದಯವಿಟ್ಟು ತಿಳಿಸಿ. ಅವರ ಬಾಯಲ್ಲಿ ಜವಾರಿ ‘ಕೂರುತ್ತದೆ’ಯೋ, ‘ಏರುತ್ತದೆ’ಯೋ, ‘ಬಿಡುತ್ತದೆ’ಯೋ? ‘ಗೇನ್ ತಿರುವಿದಷ್ಟೂ ಜವಾರಿ ಏರುತ್ತದೆ’ (ಗೇನ್ ಅಂದರೆ ಸಿಗ್ನಲಿನ ಬಲ ಏರಿಸುವ ಗುಂಡಿ) ಅಂತ ಬರೆದರೆ ನಿಮಗೆ ತಡವರಿಸದೆ ಓದಲು ಆಗುತ್ತದೆಯೇ?